ಕನ್ನಡದ ಎಂಟು

ನಮ್ಮ ಅಡುಗೆಮನೆಯ ಹುಣಸೆಹಣ್ಣಿನ ಜಾಡಿಗೆ ಮುಚ್ಚಳವಿಲ್ಲ. ಒಡೆದು ವರ್ಷವಾಯಿತು. ಹೊಸದು ತರಬೇಕು ಎಂದು ಪ್ರತಿ ಸಂತೆಗೂ ಅಂದುಕೊಂಡು ಹೋಗುತ್ತೇನೆ, ಸೊಪ್ಪು ತಂದು ಸುಮ್ಮನಾಗುತ್ತೇನೆ. ಅಲ್ಲಿಯವರೆಗೆ ಇರಲಿ ಎಂದು ಒಂದು ಚೌಕ ರಟ್ಟು ಮುಚ್ಚಿ, ಮೇಲೆ ಬೆಳ್ಳುಳ್ಳಿ ಜಜ್ಜುವ ಗುಂಡುಕಲ್ಲು ಇಟ್ಟಿದ್ದೇನೆ. ಮೊನ್ನೆ ಸಾರಿಗೆ ಹುಣಸೆಹಣ್ಣು ತೆಗೆಯುವಾಗ ರಟ್ಟು ಮಗುಚಿಕೊಂಡಿತು. ಅಡಿಯಲ್ಲಿ ಕೆಂಪು ಬಣ್ಣದ ‘ಎಲ್’ ಅಕ್ಷರ. ಅದನ್ನು ಬರೆದವಳು ನಾನೇ. ಯಾವುದೋ ಮದುವೆಯಲ್ಲಿ ಕೊಟ್ಟ ಸಿಹಿತಿಂಡಿಯ ಡಬ್ಬಿ ಕತ್ತರಿಸಿ, ಅಂಗನವಾಡಿ ಮಕ್ಕಳ ಬಣ್ಣದಲ್ಲಿ ಎರಡು ಬೆರಳು ಅದ್ದಿ ಬರೆದು, ಒಣಗಿಸಿ, ಯಜಮಾನರ ಬೈಕಿನ ಮುಂದೆ ಕಟ್ಟಿದ್ದೆ. ಆರು ತಿಂಗಳು ಅದು ಮದ್ದೂರು, ಮಳವಳ್ಳಿ, ದುದ್ದ, ಕೆರಗೋಡು ಎಂದು ಊರೂರು ತಿರುಗಿದೆ. ಈಗ ಹುಣಸೆಹಣ್ಣು ಕಾಯುತ್ತಿದೆ.

ನಮ್ಮ ಮನೆ ಮದ್ದೂರಿನಲ್ಲಿ, ಶಿವಪುರದ ಕಡೆ. ಯಜಮಾನರ ಹೆಸರು ಸಿದ್ದರಾಜು. ಬರೀ ಸಿದ್ದರಾಜು ಎಂದು ಕೇಳಿಕೊಂಡು ಬಂದರೆ ನಿಮಗೆ ಮನೆ ಸಿಗುವುದಿಲ್ಲ, ‘ಮೋಟ್ರು ಸಿದ್ರಾಜು’ ಅನ್ನಬೇಕು. ಗದ್ದೆ ಬಯಲಿನಲ್ಲಿ ಪಂಪ್‌ಸೆಟ್ಟಿನ ಮೋಟರು ಸುಟ್ಟರೆ ಬಿಚ್ಚಿ, ತಾಮ್ರದ ತಂತಿ ಹೊಸದಾಗಿ ಸುತ್ತಿ, ಮತ್ತೆ ನೀರೆತ್ತುವ ಹಾಗೆ ಮಾಡುವುದು ಅವರ ಕಸುಬು. ಪೈರು ನೀರು ಕೇಳುವ ಹೊತ್ತಿನಲ್ಲಿ ಮೋಟರು ನಿಂತರೆ ರೈತರು ಡಾಕ್ಟರನ್ನು ಕರೆಯುವುದಕ್ಕಿಂತ ಅವಸರದಲ್ಲಿ ಇವರನ್ನು ಕರೆಯುತ್ತಾರೆ. ಹಾಗಾಗಿ ಬೈಕು ಇವರಿಗೆ ಇನ್ನೊಂದು ಜೊತೆ ಕಾಲು. ಟ್ಯಾಂಕಿನ ಮೇಲೆ ಸ್ಪ್ಯಾನರಿನ ಚೀಲ, ಹಿಂದೆ ನಾನು. ನಾನು ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಬೆಳಗ್ಗೆ ನನ್ನನ್ನು ಅಲ್ಲಿ ಇಳಿಸಿ ಅವರು ಕೆಲಸಕ್ಕೆ ಹೋಗುವುದು ಇಪ್ಪತ್ತು ವರ್ಷದ ಪದ್ಧತಿ.

ನಿಮಗೊಂದು ಗುಟ್ಟು ಹೇಳುತ್ತೇನೆ. ನಮ್ಮ ಯಜಮಾನರು ಮನೆಯಲ್ಲಿ ನನ್ನ ಜೊತೆ ಮಾತಾಡುವುದೇ ಅಪರೂಪ. ಕೋಪವಲ್ಲ, ಸ್ವಭಾವ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂದರೆ ತಲೆ ಆಡಿಸುತ್ತಾರೆ, ನಾಳೆ ಎಲ್ಲಿಗೆ ಕೆಲಸ ಅಂದರೆ ಕೈ ತೋರಿಸುತ್ತಾರೆ. ಆದರೆ ಬೈಕು ಊರು ದಾಟಿತು ಅಂದರೆ ಬಾಯಿ ತೆರೆಯುತ್ತದೆ. ಮುಖ ಮುಂದಕ್ಕೆ ಇರುವುದರಿಂದ ನಾಚಿಕೆಯಾಗುವುದಿಲ್ಲವೋ ಏನೋ. ಮಗಳಿಗೆ ಬಂದ ಸಂಬಂಧ, ನಮ್ಮತ್ತೆಯ ಮಂಡಿನೋವು, ಯಾರದೋ ಬಾವಿಯಲ್ಲಿ ಕಂಡ ಆಮೆ, ಎಲ್ಲ ಆ ಇಪ್ಪತ್ತು ನಿಮಿಷದಲ್ಲೇ. ನನ್ನನ್ನು ಕೇಳಿದರೆ, ನಾನು ಅರ್ಧ ಸಂಸಾರ ಮಾಡಿದ್ದು ಅವರ ಬೆನ್ನಿನ ಜೊತೆ.

ಇದಕ್ಕೆ ಕಲ್ಲು ಬಿದ್ದದ್ದು ಒಂದು ಭಾನುವಾರ. ಮಗಳು ಕಾವ್ಯ ಮಳವಳ್ಳಿಯಲ್ಲಿದ್ದಾಳೆ. ಗಂಡನ ಮನೆಯೂ ಅಲ್ಲೇ, ಸೊಸೈಟಿಯೊಂದರಲ್ಲಿ ಕಂಪ್ಯೂಟರ್ ಕೆಲಸವೂ ಅಲ್ಲೇ. ಊಟಕ್ಕೆ ಬಂದವಳು, "ಅಪ್ಪ, ನಿನ್ ಡಿಎಲ್ ಕೊಡು. ಫೋನಿಗೆ ಹಾಕ್ಕೊಡ್ತೀನಿ, ಯಾರಾದ್ರೂ ಕೇಳಿದ್ರೆ ಅದನ್ನೇ ತೋರುಸ್ಬೋದು" ಅಂದಳು. ಇವರು ಪರ್ಸಿನ ತಳದಿಂದ ಒಂದು ಲ್ಯಾಮಿನೇಷನ್ ಕಾಗದ ಎಳೆದರು. ಬೆವರು ಮತ್ತು ಗ್ರೀಸು ಹತ್ತಿ ಅಂಚು ಕರ್ರಗಾಗಿತ್ತು. ಫೋಟೋದಲ್ಲಿ ಮೀಸೆ ಮಾತ್ರ ಗುರುತು ಸಿಗುತ್ತಿತ್ತು, ಅದೂ ಆಗ ದಪ್ಪಗಿತ್ತು. ಕಾವ್ಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ಅಪ್ಪ, ಇದು ಮುಗ್ದು ಎರಡ್ ವರ್ಸ ಆಗದೆ ಕಣಪ್ಪ."

"ಮುಗ್ಯಕ್ಕೆ ಅದೇನು ಗ್ಯಾಸ್ ಸಿಲಿಂಡ್ರಾ?"

"ಐವತ್ತು ವರ್ಸ ತುಂಬಗಂಟ ಮಾತ್ರ ಅಂತ ಇಲ್ಲೇ ತಾರೀಕು ಅದೆ. ನಿಂಗೀಗ ಐವತ್ತೆರಡು."

"ಐವತ್ತು ತುಂಬ್ದೇಟ್ಗೆ ಬ್ರೇಕು ಯಾವ್ ಕಡೆ ಅಂತ ಮರ್ತೋಯ್ತದಾ?"

"ಜೋಕ್ ಮಾಡ್ಬ್ಯಾಡ. ಹಿಂಗೆ ಓಡ್ಸಿ ಏನಾದ್ರೂ ಆದ್ರೆ ಇನ್ಸೂರೆನ್ಸೂ ಬರಕಿಲ್ಲ. ಅವ್ವನ್ನ ಬೇರೆ ಹಿಂದೆ ಕೂರುಸ್ಕೊಂಡು ಹೋಗ್ತೀಯ."

ಆ ಕೊನೆಯ ಮಾತು ತಾಗಿತು. ಅವರು ಬೈಕಿನ ಬೀಗದ ಕೈ ತೆಗೆದು ದೇವರ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಟ್ಟರು. ಆಮೇಲೆ ನನ್ನ ಕಡೆ ನೋಡಿದರು. ನೋಡಬೇಕಾದ್ದೇ. ಏಕೆಂದರೆ ನಮ್ಮ ಮನೆಯಲ್ಲಿ ತಾರೀಕುಗಳ ಖಾತೆ ನನ್ನದು. ಗೋಡೆಯ ಕ್ಯಾಲೆಂಡರಿನಲ್ಲಿ ಹೊಸ ಗ್ಯಾಸ್ ಸಿಲಿಂಡರ್ ಹಾಕಿದ ದಿನ, ಹಸುವಿಗೆ ಸೂಜಿ ಹಾಕಿಸಿದ ದಿನ, ನಲ್ಲಿಯಲ್ಲಿ ನೀರು ಬಂದ ದಿನ, ಬಾರದ ದಿನ, ಪಕ್ಕದ ಮನೆಯವರು ಈಳಿಗೆಮಣೆ ಒಯ್ದ ದಿನ ಎಲ್ಲ ಬರೆದಿರುತ್ತೇನೆ. ಅಂಗನವಾಡಿಯಲ್ಲಿ ಮೊಟ್ಟೆಗೊಂದು ರಿಜಿಸ್ಟರು, ಮಕ್ಕಳ ತೂಕಕ್ಕೊಂದು ರಿಜಿಸ್ಟರು. ಇಷ್ಟೆಲ್ಲ ಬರೆಯುವವಳು ಗಂಡನ ಲೈಸೆನ್ಸಿನ ತಾರೀಕು ನೋಡಿರಲಿಲ್ಲ. ಅದು ಅವರ ಪರ್ಸಿನಲ್ಲಿತ್ತು, ಅವರ ಪರ್ಸು ಬಿಚ್ಚುವ ಅಭ್ಯಾಸ ನನಗಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎಂದು ಅವತ್ತು ಮೊದಲ ಸಲ ಅನ್ನಿಸಿತು.

ವಿಚಾರಿಸಿದಾಗ ತಿಳಿಯಿತು, ಕಾನೂನು ಬಹಳ ಸರಳ. ದಿಲ್ಲಿಯಲ್ಲಿ ಮಾಡಿದ್ದು, ನಮ್ಮ ರಾಜ್ಯದ ಸಾರಿಗೆಯವರು ನಡೆಸುವುದು. ಲೈಸೆನ್ಸು ಮುಗಿದ ಒಂದು ವರ್ಷದೊಳಗೆ ಹೋದರೆ ಹೊಸದು ಮಾಡಿಕೊಡುತ್ತಾರೆ. ವರ್ಷ ದಾಟಿದರೆ ಓಡಿಸಲು ಬರುತ್ತದೆ ಎಂದು ಮತ್ತೆ ತೋರಿಸಬೇಕು. ಮೊದಲು ಕಂಪ್ಯೂಟರ್ ಪರೀಕ್ಷೆ ಪಾಸಾಗಿ ಎಲ್ಲೆಲ್ಲಾರು ತೆಗೆದುಕೊಳ್ಳಬೇಕು, ಅಂದರೆ ಕಲಿಯುವವರ ಲೈಸೆನ್ಸು. ಅದಕ್ಕೆ ಆರು ತಿಂಗಳ ಆಯಸ್ಸು. ತಿಂಗಳು ಕಳೆದ ಮೇಲೆ, ಆರು ತಿಂಗಳೊಳಗೆ, ಮಂಡ್ಯಕ್ಕೆ ಹೋಗಿ ಗಾಡಿ ಓಡಿಸಿ ತೋರಿಸಬೇಕು. ಆಗದಿದ್ದರೆ ಮೊದಲಿನಿಂದ.

"ಅರ್ಧ ಮದ್ದೂರ್ಗೆ ಬೈಕ್ ಕಲ್ಸಿರೋನು ನಾನು," ಅಂದರು ಯಜಮಾನರು. "ಈಗ ನಾನು ಕಲ್ಯೋನು."

ಅದು ನಿಜವೇ. ನಮ್ಮ ಬೀದಿಯ ಎಷ್ಟೋ ಗಂಡಸರು ಇವರ ಬೈಕಿನಿಂದಲೇ ಬಿದ್ದು ಕಲಿತವರು. ಇವರು ತಮ್ಮ ಮೊದಲ ಲೈಸೆನ್ಸು ಪಡೆದ ಕತೆ ನನಗೆ ಬಾಯಿಪಾಠ. ಪರೀಕ್ಷೆಯ ಸಾಹೇಬರು ರಸ್ತೆಯ ಕೊನೆ ತೋರಿಸಿ, "ಆ ಹುಣಸೆಮರದವರೆಗೆ ಹೋಗಿ ಬಾ" ಅಂದರಂತೆ. ಇವರು ಹೋಗಿ, ಮರ ಸುತ್ತಿ, ಬಂದರಂತೆ. ಅಷ್ಟೇ ಪರೀಕ್ಷೆ. ಈಗಲೂ ಹಾಗೇ ಇರುತ್ತದೆ ಎಂದು ಅವರ ನಂಬಿಕೆ.

ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕು. ಡಾಕ್ಟರಮ್ಮ ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ಇವರು ಗಟಗಟ ಓದಿದರು. ತೀರ ಕೆಳಗಿನ ಸಾಲಿಗೆ ಬಂದಾಗ ನಿಂತರು. "ಇಷ್ಟ್ ಸಣ್ಣಕ್ಕೆ ಬೋರ್ಡ್ ಬರ್ಯೋ ಊರು ಇದ್ರೆ ನಾನ್ ಅಲ್ಗೋಗಾಕಿಲ್ಲ ಕಣಮ್ಮ" ಅಂದರು. ಡಾಕ್ಟರಮ್ಮ ನಕ್ಕು ಸಹಿ ಹಾಕಿದರು.

ಕಂಪ್ಯೂಟರ್ ಪರೀಕ್ಷೆಯ ದಿನ ನಾನು ರಜೆ ಹಾಕಿ ಮಂಡ್ಯದ ಸಾರಿಗೆ ಕಚೇರಿಗೆ ಜೊತೆಗೆ ಹೋದೆ. ಒಳಗೆ ನಮ್ಮನ್ನು ಬಿಡುವುದಿಲ್ಲ. ಬೇವಿನ ಮರದ ಕಟ್ಟೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಇವರು ಬಂದರು. ಪಾಸು. ಬೇಕಾದಷ್ಟಕ್ಕೇ ಸರಿಯುತ್ತರ, ಒಂದೂ ಹೆಚ್ಚಿಲ್ಲ.

"ಉಳ್ದವು ಯಾಕೆ ತಪ್ಪೋದ್ವು?" ಅಂದೆ.

"ಒಂದು ಅನ್ಯಾಯದ ಪ್ರಶ್ನೆ ಕಣಮ್ಮಿ. ಕಿರ್ದಾದ ಸೇತ್ವೆ ಮ್ಯಾಲೆ ಹಿಂದಿಕ್ಕಬೋದಾ ಅಂತ ಕೇಳವ್ರೆ. ಇಕ್ಕಬೋದು ಅಂತ ಒತ್ದೆ. ಕೆಂಪು ದೀಪ ಬಂತು."

"ಸೇತುವೆ ಮೇಲೆ ಹಿಂದಿಕ್ಕಬಾರ್ದು ಅಲ್ವಾ ಮತ್ತೆ?"

"ಯಾಕಿಕ್ಕಬಾರ್ದು? ದಿನಾ ಸಿಂಸಾ ಸೇತ್ವೆ ಮ್ಯಾಲೆ ನಿನ್ನ ಹಿಂದಿಕ್ಕೊಂಡೇ ತಾನೆ ಓಯ್ತಿರದು? ಸೇತ್ವೆ ಬತ್ತು ಇಳ್ಕೊ ಅಂತೀನಾ?"

ನನಗೆ ಒಂದು ನಿಮಿಷ ಬೇಕಾಯಿತು. ನಮ್ಮ ಕಡೆ ಇಕ್ಕುವುದು ಅಂದರೆ ಇಡುವುದು. ಅನ್ನ ಇಕ್ಕುತ್ತೇವೆ, ಕೋಳಿಗೆ ಕಾಳು ಇಕ್ಕುತ್ತೇವೆ, ಬೈಕಿನ ಹಿಂದೆ ಗೊಬ್ಬರದ ಮೂಟೆ ಇಕ್ಕುತ್ತೇವೆ. ಹೆಂಡತಿಯನ್ನೂ. ಮುಂದಿನ ಗಾಡಿಯನ್ನು ದಾಟಿ ಹೋಗುವುದಕ್ಕೆ ಪುಸ್ತಕದ ಕನ್ನಡದಲ್ಲಿ ಹಿಂದಿಕ್ಕುವುದು ಅನ್ನುತ್ತಾರೆ ಎಂದು ಬಿಡಿಸಿ ಹೇಳಿದೆ. "ಅದುನ್ನ ಓವರ್‌ಟೇಕು ಅಂತ ಅಚ್ಚ ಕನ್ನಡ್ದಲ್ಲೇ ಕೇಳಕ್ಕೇನಾಗಿತ್ತು" ಅಂದರು.

ಅಷ್ಟರಲ್ಲಿ ಕೌಂಟರಿನವರು ನಮ್ಮನ್ನು ಕರೆದು ಕಾಗದ ಕೊಟ್ಟು, ನಿಯಮ ಹೇಳಿದರು. "ಗಾಡಿಗೆ ಮುಂದೆ ಹಿಂದೆ ಎಲ್ ಬೋರ್ಡ್ ಹಾಕ್ಕೊಳ್ಳಿ. ಡಿಎಲ್ ಬರೋವರೆಗೂ ಹಿಂದೆ ಯಾರನ್ನೂ ಕೂರಿಸ್ಕೊಳ್ಳಂಗಿಲ್ಲ. ಕಲಿಸೋರು ಕೂತ್ಕೋಬಹುದು, ಅವರಿಗೆ ಲೈಸೆನ್ಸ್ ಇರಬೇಕು."

"ಹೆಂಡ್ತಿನ?"

"ಹೆಂಡ್ತಿಗೆ ಲೈಸೆನ್ಸ್ ಇದೆಯಾ?"

"ಇಲ್ಲ ಸಾ. ಆದ್ರೂ ಕಲುಸ್ತಾನೇ ಇರ್ತಾಳೆ."

ಕೌಂಟರಿನವರಿಗೂ ಮದುವೆಯಾಗಿತ್ತು ಅಂತ ಕಾಣುತ್ತದೆ, ತಲೆ ತಗ್ಗಿಸಿ ನಕ್ಕರು. ಆದರೆ ಬಿಡಲಿಲ್ಲ.

ಹೀಗೆ ನಾನು ಬಸ್ಸಿನ ಪಾಲಾದೆ. ನಮ್ಮಪ್ಪನ ಕಾಲದಲ್ಲಿ ಸೈಕಲ್ಲಿಗೂ ಲೈಸೆನ್ಸಿತ್ತು ಎಂದರೆ ಈಗಿನವರು ನಂಬುವುದಿಲ್ಲ. ಪಂಚಾಯ್ತಿಯವರು ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದರಂತೆ, ಅಪ್ಪ ಅದನ್ನು ಹ್ಯಾಂಡಲಿಗೆ ಕಟ್ಟಿ, ಹಬ್ಬಕ್ಕೆ ಹುಣಸೆಹುಳಿ ಹಾಕಿ ಉಜ್ಜುತ್ತಿದ್ದರು. ಸೈಕಲ್ಲಿನಲ್ಲಿ ಇಬ್ಬರು ಕೂತರೆ ಪೊಲೀಸರು ಹಿಡಿಯುತ್ತಾರೆ ಎಂಬ ಭಯವೂ ಇತ್ತು. ಪೇಟೆಗೆ ಹೋಗುವಾಗ ಸ್ಟೇಷನ್ನು ಬರುವ ಮೊದಲು ಅವ್ವ ಕ್ಯಾರಿಯರಿನಿಂದ ಇಳಿದು, ಯಾರೋ ಬೇರೆ ಹೆಂಗಸಿನ ಹಾಗೆ ಸೆರಗು ಹೊದ್ದು ನಡೆದು ಹೋಗುತ್ತಿದ್ದರು. ನಾನು ಅಪ್ಪನ ಮುಂದೆ, ಕಂಬಿಯ ಮೇಲೆ. ಒಂದು ಸಲ ನಾನು ಸ್ಟೇಷನ್ನಿನ ಎದುರಿಗೇ, "ಅಪ್ಪ, ಅವ್ವ ಹಿಂದೆ ಉಳ್ಕತು" ಎಂದು ಕಿರುಚಿದೆ. ಬಾಗಿಲಲ್ಲಿ ನಿಂತ ಪೊಲೀಸಿನವರು ಅಪ್ಪನನ್ನು ನೋಡಿದರು, ಅವ್ವನನ್ನು ನೋಡಿದರು, ಆಮೇಲೆ ಬೇಕೆಂತಲೇ ಆಕಾಶ ನೋಡಿದರು. ಆ ಮನುಷ್ಯನನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಬಸ್ಸು ಕೆಟ್ಟದ್ದೇನಲ್ಲ. ಆಧಾರ್ ಕಾರ್ಡು ತೋರಿಸಿದರೆ ಹೆಂಗಸರಿಗೆ ಟಿಕೇಟು ಪುಕ್ಕಟೆ. ಸೀಟು ಸಿಕ್ಕರೆ ಅವರೆಕಾಯಿ ಸುಲಿದುಕೊಂಡೂ ಹೋಗಬಹುದು. ಆದರೆ ನಮ್ಮಿಬ್ಬರ ಮಾತು ನಿಂತೇ ಹೋಯಿತು. ನಾನು ಬಸ್ಸಿಗೆ, ಅವರು ಬೈಕಿಗೆ. ರಾತ್ರಿ ಊಟಕ್ಕೆ ಕೂತರೆ ಮೊದಲಿನ ಹಾಗೇ ತಲೆ, ಕೈ. ಒಮ್ಮೆ ಬೀದಿಯ ತುದಿಯಲ್ಲಿ ಸಿಕ್ಕ ನಾದಿನಿ, "ಅಣ್ಣ ಕೆರಗೋಡಲ್ಲಿ ಬಾವಿಗೆ ಜಾರಿ ಬೀಳೋದ್ರಲ್ಲಿದ್ರಂತಲ್ಲ" ಅಂದಳು. ನನಗೆ ಗೊತ್ತೇ ಇರಲಿಲ್ಲ. ಬೈಕಿನ ಹಿಂದೆ ಕೂತಿದ್ದರೆ ಶಿಂಷಾ ಸೇತುವೆ ಬರುವ ಮೊದಲೇ ಗೊತ್ತಾಗುತ್ತಿತ್ತು. ಲೈಸೆನ್ಸು ಇವರಿಗೆ ಬೇಕಾದ್ದಕ್ಕಿಂತ ನನಗೆ ಹೆಚ್ಚು ಬೇಕು ಎಂದು ಅವತ್ತು ಅರ್ಥವಾಯಿತು.

ಇವರ ಕಷ್ಟ ಬೇರೆ. ದುದ್ದದ ಬಳಿ ಒಬ್ಬ ರೈತ ಬೈಕಿನ ಎಲ್ ಬೋರ್ಡು ನೋಡಿ, "ಏನ್ಲಾ ಸಿದ್ರಾಜು, ಬೈಕ್ ಈಗ ಕಲೀತಿದ್ದೀಯ. ಮೋಟ್ರು ರಿಪೇರಿನಾದ್ರೂ ಮದ್ಲೇ ಕಲ್ತಿದ್ದೀಯೊ?" ಅಂದನಂತೆ. ಮಾರನೆಯ ದಿನದಿಂದ ಇವರು ಊರು ಹತ್ತಿರ ಬಂದಾಗ ಬೋರ್ಡಿನ ಮೇಲೆ ಟವಲು ಹಾಕತೊಡಗಿದರು. ಟೆಸ್ಟಿಗೆ ಹೋಗಿ ಅಂದರೆ ಇವತ್ತು ಕೆಲಸ, ನಾಳೆ ಅಮಾವಾಸ್ಯೆ. ನಿಜವಾದ ಕಾರಣ ನನಗೆ ಗೊತ್ತಿತ್ತು. ಹದಿನೆಂಟರ ಹುಡುಗ ಹುಡುಗಿಯರ ನಡುವೆ ಸಾಲಿನಲ್ಲಿ ನಿಲ್ಲುವುದಕ್ಕೆ ಸಂಕೋಚ. ಹೀಗೆ ತಳ್ಳಿ ತಳ್ಳಿ ಆರನೆಯ ತಿಂಗಳು ಬಂತು. ಕಾವ್ಯ ತಾನೇ ಫೋನಿನಲ್ಲಿ ದಿನ ಗೊತ್ತುಮಾಡಿ, "ಅಪ್ಪ, ಎಂಟು ಹಾಕದು ಒಂದ್ ಕಲ್ತ್ಕೊ, ಸಾಕು" ಅಂದಳು.

"ಎಂಟು ಅಂದ್ರೆ?"

"ಎಂಟು ಬರ್ದಿರ್ತಾರೆ, ಅದ್ರ ಮ್ಯಾಲೆ ಬೈಕ್ ಓಡುಸ್ಬೇಕು. ಕಾಲು ಕೆಳಗಿಡಂಗಿಲ್ಲ."

ಫೋನು ಇಟ್ಟ ಮೇಲೆ ಇವರು ನನ್ನ ಮುಖ ನೋಡಿದರು. ನಾನು ಧೈರ್ಯ ಹೇಳಿದೆ. ಅಂಕಿ ಕಲಿಸುವುದು ನನ್ನ ಹೊಟ್ಟೆಪಾಡು. ಅಂಗನವಾಡಿಯ ಹಿಂದಿನ ಬಯಲಿನಲ್ಲಿ ರಂಗೋಲಿ ಪುಡಿಯಿಂದ ದೊಡ್ಡ ದೊಡ್ಡ ಅಂಕಿ ಬರೆದು, ಅದರ ಮೇಲೆ ಮಕ್ಕಳನ್ನು ನಡೆಸುತ್ತೇನೆ. ನಡೆದ ಅಂಕಿ ಮರೆಯುವುದಿಲ್ಲ. ಅವತ್ತು ಸಂಜೆ ಮಕ್ಕಳು ಹೋದ ಮೇಲೆ ಅದೇ ಬಯಲಿನಲ್ಲಿ ಯಜಮಾನರಿಗಾಗಿ ಒಂದು ಎಂಟು ಬರೆದೆ. ಬೈಕು ತಿರುಗುವಷ್ಟು ದೊಡ್ಡದು, ಸೊಗಸಾದ ಎಂಟು: ೮.

ನಿಮ್ಮಲ್ಲಿ ಕೆಲವರು ಈಗಲೇ ನಕ್ಕಿರುತ್ತೀರಿ. ನನಗೆ ಹೊಳೆಯಲಿಲ್ಲ. ಇವರಿಗೂ ಹೊಳೆಯಲಿಲ್ಲ. ನಮ್ಮ ೮ ನೋಡಿ, ಎಷ್ಟು ಸಾಧು. ಲಾಳದ ಹಾಗೆ ಬಾಯಿ ತೆರೆದುಕೊಂಡಿರುತ್ತದೆ. ಒಂದು ಕಡೆಯಿಂದ ಹೊಕ್ಕು, ಬಳಸಿ, ಇನ್ನೊಂದು ಕಡೆಯಿಂದ ಹೊರಟರೆ ಮುಗಿಯಿತು. ಗೆರೆ ಗೆರೆಯನ್ನು ದಾಟುವುದಿಲ್ಲ. ಇವರು ನಾಲ್ಕು ಸಂಜೆ ಅಭ್ಯಾಸ ಮಾಡಿದರು. ಕೊನೆಗೆ ಒಂದೇ ಕೈಯಲ್ಲಿ ಹಾಕುತ್ತಿದ್ದರು. "ಇಷ್ಟಕ್ಕಾ ಈ ಹುಡುಗ್ರು ಎಂಟು ಎಂಟು ಅಂತ ಎದುರ್ಕಳದು?" ಅಂದರು. ನಾನೂ ಹೆಮ್ಮೆಯಿಂದ, ಎಲ್ಲ ಕಲಿಸುವವರ ಕೈಲಿದೆ ಅಂದೆ.

ಟೆಸ್ಟಿನ ದಿನ ಇವರು ಬೈಕಿನಲ್ಲಿ, ನಾನು ಬಸ್ಸಿನಲ್ಲಿ ಮಂಡ್ಯ ಸೇರಿದೆವು. ಎಲ್ಲಿಗೆ ಹೋದರೂ ಗಂಟೆ ಮೊದಲು ಹೋಗುವುದು ಇವರ ಚಾಳಿ, ಹಾಗಾಗಿ ಸಾಲಿನಲ್ಲಿ ಇವರೇ ಮೊದಲು. ಅದೇ ಕೆಟ್ಟದ್ದು. ಮುಂದೆ ಯಾರಾದರೂ ಇದ್ದಿದ್ದರೆ ನೋಡಿಯಾದರೂ ತಿಳಿಯುತ್ತಿತ್ತು. ನಾನು ಬೇಲಿಯ ಈಚೆ ನಿಂತಿದ್ದೆ. ಇನ್‌ಸ್ಪೆಕ್ಟರು ಕುರ್ಚಿಯ ಪಕ್ಕ ನಿಂತು, "ಎಂಟು ಹಾಕಿ ಯಜಮಾನ್ರೇ, ಕಾಲು ತಾಗಬಾರ್ದು" ಅಂದರು. ನೆಲದ ಮೇಲೆ ಬಿಳಿ ಗೆರೆಗಳು ಒಂದರ ಮೇಲೊಂದು ಹಾದಿದ್ದವು. ಇವರು ಅದನ್ನು ಒಮ್ಮೆ ನೋಡಿ, ಹೊಕ್ಕು, ದೊಡ್ಡ ಬಳಸಿನಲ್ಲಿ ಚೆನ್ನಾಗಿ ಬಳಸಿ, ಇನ್ನೊಂದು ಕಡೆಯಿಂದ ಹೊರಬಂದು, ಸ್ಟ್ಯಾಂಡು ಹಾಕಿದರು.

"ಯಾಕೆ ನಿಲ್ಲಿಸಿದ್ರಿ?"

"ಆಯ್ತಲ್ಲ ಸಾ."

"ಏನಾಯ್ತು?"

"ಎಂಟು."

"ಅರ್ಧನೂ ಆಗಿಲ್ಲ ರೀ."

"ಎಂಟು ಇಷ್ಟೇ ಅಲ್ವಾ ಸಾ. ನಮ್ಮನೆಯವ್ರು ಅಂಗನವಾಡಿ ಟೀಚ್ರು, ಅವ್ರೇ ಬರ್ಕೊಟ್ಟವ್ರೆ."

ಹೇಳಿದ್ದಷ್ಟೇ ಅಲ್ಲ, ಬೇಲಿಯ ಕಡೆ ಕೈಯೂ ತೋರಿಸಿದರು. ಸಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ಇನ್‌ಸ್ಪೆಕ್ಟರು, "ಎಲ್ಲಿ, ಬರ್ದು ತೋರ್ಸಿ" ಅಂದರು. ಇವರು ಕಡ್ಡಿಯೊಂದು ತೆಗೆದು ಮಣ್ಣಿನಲ್ಲಿ ೮ ಬರೆದರು. ನನಗೆ ಆಗ ಹೊಳೆಯಿತು. ಬೇಲಿಯ ಕಂಬ ಹಿಡಿದುಕೊಂಡೆ. ಇನ್‌ಸ್ಪೆಕ್ಟರು ಬಗ್ಗಿ, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದರು.

"ಇದು ಎಂಟೇ," ಅಂದರು. "ನಾನೂ ಕನ್ನಡ ಮೀಡಿಯಮ್ಮೇ, ಇಲ್ಲ ಅನ್ನಲ್ಲ. ಆದ್ರೆ ಇಲ್ಲಿ ಹಾಕ್ಬೇಕಾದ್ದು ಇಂಗ್ಲಿಷ್ ಎಂಟು, ಯಜಮಾನ್ರೇ. ಎರಡು ಸೊನ್ನೆ ಕೂಡಿರುತ್ತಲ್ಲ, ಅದು. ಇನ್ನೊಂದು ಸಲ ಹಾಕಿ."

ಒಳ್ಳೆಯ ಮನುಷ್ಯ, ಇನ್ನೊಂದು ಅವಕಾಶ ಕೊಟ್ಟರು. ಇವರು ಹೊಕ್ಕರು. ಮೊದಲ ಸೊನ್ನೆ ಸರಿಹೋಯಿತು. ಗೆರೆ ಗೆರೆಯನ್ನು ದಾಟುವ ಕಡೆ ಹ್ಯಾಂಡಲು ಯಾವ ಕಡೆಗೆ ಎಂದು ಒಂದು ಕ್ಷಣ ಅನುಮಾನ ಬಂತು, ಬೈಕು ವಾಲಿತು, ಎಡಗಾಲು ನೆಲ ಮುಟ್ಟಿತು. ಇನ್‌ಸ್ಪೆಕ್ಟರು ಪಟ್ಟಿಯಲ್ಲಿ ಬರೆದುಕೊಂಡರು. "ಏಳು ದಿನ ಬಿಟ್ಟು ಬನ್ನಿ."

ಎಲ್ಲೆಲ್ಲಾರು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಏಳು ಕಳೆದರೆ ನಾಲ್ಕು. ಅಂದರೆ ಇರುವುದು ಒಂದೇ ಸಲ. ಅದೂ ತಪ್ಪಿದರೆ ಮತ್ತೆ ಕಂಪ್ಯೂಟರು, ಮತ್ತೆ ಎಲ್ಲು, ಮತ್ತೆ ನನಗೆ ತಿಂಗಳುಗಟ್ಟಲೆ ಬಸ್ಸು. ಇವರು ಇನ್ನೊಮ್ಮೆ ಆ ಕೌಂಟರಿಗೆ ಹೋಗಿ ನಿಲ್ಲುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ. ಮಾರುವ ಮಾತೂ ಬಂತು. "ಬೈಕ್ ಮಾರ್ಬುಡ್ತೀನಿ. ಸೈಕಲ್ ತಗತೀನಿ. ಅದ್ಕೆ ಯಾವ್ ಎಂಟೂ ಬ್ಯಾಡ."

ಸುದ್ದಿ ನಮಗಿಂತ ಮೊದಲು ಮದ್ದೂರು ತಲುಪಿತ್ತು. ಬೈಕು ಮೆಕ್ಯಾನಿಕ್ಕು ಖಲೀಲಣ್ಣ ಇವರ ಹಳೆಯ ಗೆಳೆಯರು, ಎದುರಿಗೆ ಕೂರಿಸಿಕೊಂಡು ರೇಗಿಸುವಷ್ಟು ಸಲಿಗೆ. ಮರುದಿನ ಇವರು ಅವರ ಅಂಗಡಿಗೆ ಹೋದಾಗ ನಾನೂ ಜೊತೆಗಿದ್ದೆ.

"ಬಾ ಸಿದ್ದಣ್ಣ. ಇಂಗ್ಲಿಷ್ ಎಂಟು ಬರಲ್ವಂತೆ. ಒಂಬತ್ತಾದ್ರೂ ಬತ್ತದಾ?"

"ನಗು ಮಾರಾಯ. ಆ ಅಡ್ಡ ಗೆರೆತವ ತಲೆ ನಿಂತೋಯ್ತದೆ. ಈ ಕಡೆಯಿಂದ ಸುತ್ಕೊಂಡು ಬಂದೋನು ಅಲ್ಲಿ ಆ ಕಡೆಗೆ ತಿರುಗ್ಬೇಕು."

ಖಲೀಲಣ್ಣ ಎಣ್ಣೆ ಕೈಯಲ್ಲೇ ಗೋಡೆಯ ಮೇಲೆ ತೂಗುಹಾಕಿದ್ದ ಹಳೆಯ ಬೆಲ್ಟೊಂದನ್ನು ತೆಗೆದು, ತಿರುಚಿ, ಇವರ ತೊಡೆಯ ಮೇಲೆ ಹಾಕಿದರು. "ಇದೇನು?"

ಇವರು ಅದನ್ನೇ ನೋಡಿದರು. ಹಿಂದೆ ಡೀಸೆಲ್ ಇಂಜಿನ್ನಿನಿಂದ ಪಂಪಿಗೆ ಪಟ್ಟಿ ಹಾಕುತ್ತಿದ್ದರು. ಪಂಪು ತಿರುಗುಮುರುಗಾಗಿ ತಿರುಗಬೇಕಾದರೆ ಪಟ್ಟಿಯನ್ನು ನಡುವೆ ಒಂದು ಸಲ ತಿರುಚಿ ಅಡ್ಡ ಹಾಯಿಸುತ್ತಿದ್ದರು. ಇವರು ಹದಿನೈದನೆಯ ವಯಸ್ಸಿನಿಂದ ಅಂಥ ಪಟ್ಟಿ ಎಷ್ಟು ಹಾಕಿದ್ದಾರೋ.

"ಅಡ್ಡ ಬೆಲ್ಟು," ಅಂದರು ನಿಧಾನವಾಗಿ. ಆಮೇಲೆ ನನ್ನ ಕಡೆ ತಿರುಗಿ, "ಅಡ್ಡ ಬೆಲ್ಟು ಕಣಮ್ಮಿ ಇದು. ಎಂಟೂ ಅಲ್ಲ, ಗಿಂಟೂ ಅಲ್ಲ" ಅಂದರು. ಅಂಗಡಿಯ ನಡುವೆ ಇಷ್ಟು ಉದ್ದ ಮಾತು ನನ್ನ ಜೊತೆ ಆಡಿದ್ದು ಅದೇ ಮೊದಲು.

ಅವತ್ತು ಸಂಜೆ ಬಯಲಿನಲ್ಲಿ ನಾನು ಇಂಗ್ಲಿಷ್ ಎಂಟು ಬರೆದೆ. ಕೈ ಎರಡು ಸಲ ಕನ್ನಡಕ್ಕೇ ಎಳೆಯಿತು. ಎರಡು ಸೊನ್ನೆಯ ನಡುವೆಯೂ ಒಂದೊಂದು ಬಿದಿರು ಮಂಕರಿ ಬೋರಲು ಹಾಕಿದೆವು. ಒಂದು ಇಂಜಿನ್ನು, ಇನ್ನೊಂದು ಪಂಪು. ಇವರು ಪಟ್ಟಿಯಾದರು. ಮೂರನೆಯ ದಿನದ ಹೊತ್ತಿಗೆ ಕಾಲು ನೆಲ ಮುಟ್ಟುವುದು ನಿಂತಿತು. ಬೈಯುವುದು ಐದನೆಯ ದಿನ ನಿಂತಿತು.

ಎರಡನೆಯ ಟೆಸ್ಟಿಗೆ ಇವರು ಬೇಕೆಂತಲೇ ತಡವಾಗಿ ಬಂದು ಸಾಲಿನ ಕೊನೆಯಲ್ಲಿ ನಿಂತರು. ಮುಂದಿದ್ದ ಹುಡುಗಿಯೊಬ್ಬಳು ಸ್ಕೂಟಿಯಲ್ಲಿ ತಡವರಿಸಿದಾಗ, "ಅಡ್ಡ ಬೆಲ್ಟು ಅಂದ್ಕೊ ಮಗ" ಎಂದು ಹೇಳಿಕೊಟ್ಟರಂತೆ. ಅವಳಿಗೆ ಏನು ಅರ್ಥವಾಯಿತೋ ದೇವರೇ ಬಲ್ಲ, ಪಾಸಾದಳು. ಇವರ ಸರದಿ ಬಂದಾಗ ನಾನು ಬೇಲಿಯ ಕಂಬ ಮೊದಲೇ ಹಿಡಿದುಕೊಂಡೆ. ಇನ್‌ಸ್ಪೆಕ್ಟರು ಗುರುತು ಹಿಡಿದರು. "ಇವತ್ತು ಯಾವ ಭಾಷೆ ಯಜಮಾನ್ರೇ?" ಅಂದರು.

ಇವರು ಗೇರು ಹಾಕಿ ಹೊಕ್ಕರು. ಮೊದಲ ಸೊನ್ನೆ ಬಳಸಿದರು. ಅಡ್ಡ ಗೆರೆ ಬಂತು. ಬೈಕು ಈ ಕಡೆಯಿಂದ ಆ ಕಡೆಗೆ, ಎಣ್ಣೆ ಹಾಕಿದ ಪಟ್ಟಿಯ ಹಾಗೆ, ಜಾರಿ ದಾಟಿತು. ಎರಡನೆಯ ಸೊನ್ನೆಯೂ ಆಯಿತು. ಎಂಟು ಮುಗಿಯಿತು. ಇವರು ಮಾತ್ರ ನಿಲ್ಲಿಸಲಿಲ್ಲ. ಮತ್ತೆ ಹೊಕ್ಕು ಇನ್ನೊಂದು ಹಾಕಿದರು. ಮೂರನೆಯದಕ್ಕೆ ತಿರುಗಿದಾಗ ಇನ್‌ಸ್ಪೆಕ್ಟರು ಕೈಯೆತ್ತಿ, "ಸಾಕು, ಸಾಕು. ಒಂದೇ ಬೇಕಾಗಿರೋದು" ಅಂದರು.

"ಓದ್ಸಲದ್ದೂ ಸೇರ್ಸಿ ಹಾಕ್ಬುಟ್ಟೆ ಸಾ," ಅಂದರು ಇವರು.

ಪಾಸು. ಕಾರ್ಡು ಅಂಚೆಯಲ್ಲಿ ಮನೆಗೆ ಬರುತ್ತದೆ ಎಂದು ಹೇಳಿ ಕಳಿಸಿದರು. ಇವರು ಬೈಕನ್ನು ಸೀದಾ ನಾನು ನಿಂತ ಕಡೆಗೇ ತಂದು ನಿಲ್ಲಿಸಿ, ಸೀಟಿನ ಧೂಳನ್ನು ಟವಲಿನಿಂದ ಹೊಡೆದು, "ಕುತ್ಕೊ" ಅಂದರು.

ಆಸೆಯಾಯಿತು, ಸುಳ್ಳೇಕೆ ಹೇಳಲಿ. ಆದರೆ ಆರು ತಿಂಗಳಲ್ಲಿ ನಿಯಮಗಳೆಲ್ಲ ನನಗೂ ಬಾಯಿಪಾಠವಾಗಿದ್ದವು. "ಕಾರ್ಡ್ ಬಂದಿಲ್ಲ," ಅಂದೆ.

"ಪಾಸಾಯ್ತಲ್ಲಮ್ಮಿ."

"ಕೌಂಟರ್‌ನೋರು ಡಿಎಲ್ ಬರೋಗಂಟ ಅಂದವ್ರೆ. ಇಷ್ಟು ದಿನ ಕಾದಿಲ್ವಾ. ನಾನು ಬಸ್ಸಿಗೆ ಬತ್ತೀನಿ, ನೀವು ನಡೀರಿ."

ಅವರು ಹೆಲ್ಮೆಟ್ಟು ಹಾಕಿಕೊಂಡರು. ನಾನು ಬಸ್ಸು ಹತ್ತಿ ಕಿಟಕಿಯ ಬಳಿ ಕೂತೆ. ಬಸ್ಸು ಮಂಡ್ಯ ದಾಟಿ ಸರ್ವಿಸ್ ರಸ್ತೆಗೆ ಇಳಿಯಿತು. ಆಗ ನೋಡುತ್ತೇನೆ, ನನ್ನ ಕಿಟಕಿಯ ಪಕ್ಕಕ್ಕೆ ಯಜಮಾನರ ಬೈಕು. ಬಸ್ಸು ಜೋರಾದರೆ ಅವರೂ ಜೋರು, ಬಸ್ಸು ಗೆಜ್ಜಲಗೆರೆಯಲ್ಲಿ ನಿಂತರೆ ಅವರೂ ಒಂದು ಕಾಲು ಊರಿ ನಿಲ್ಲುತ್ತಾರೆ. ನೋಟ ಮುಂದಕ್ಕೇ, ಆದರೆ ತುಟಿ ಅಲ್ಲಾಡುತ್ತಿತ್ತು. ಗಾಳಿಗೆ ಒಂದು ಮಾತೂ ಕೇಳಿಸುತ್ತಿರಲಿಲ್ಲ. ನಾನು ಆಗಾಗ ಹ್ಞೂಂಗುಟ್ಟಿದೆ.

ಟಿಕೇಟು ಹರಿಯುತ್ತ ಬಂದ ಕಂಡಕ್ಟರು ಕಿಟಕಿಯಾಚೆ ಬಗ್ಗಿ ನೋಡಿದರು. "ಏನಕ್ಕ, ಆವಣ್ಣ ಮಂಡ್ಯದಿಂದ್ಲೂ ಬಸ್ ಪಕ್ಕದಲ್ಲೇ ಬತ್ತಾವ್ನೆ. ಒಬ್ನೇ ಮಾತಾಡ್ತಾವ್ನೆ ಬೇರೆ."

"ನಮ್ಮೆಜಮಾನ್ರು."

"ಮತ್ತೆ ನೀವ್ಯಾಕೆ ಬಸ್ಸಲ್ಲಿ? ಜಗಳವಾ?"

"ಇಲ್ಲಣ್ಣ, ಕಾನೂನು."

ಕಂಡಕ್ಟರು ನನ್ನನ್ನೊಮ್ಮೆ, ಬೈಕನ್ನೊಮ್ಮೆ ನೋಡಿದರು. ಆಮೇಲೆ ಮುಂದಕ್ಕೆ ತಿರುಗಿ ಡ್ರೈವರಿಗೆ ಕೂಗಿ ಹೇಳಿದರು:

"ಸ್ವಲ್ಪ ನಿಧಾನಕ್ಕೆ ಓಗಣ್ಣ, ಪಕ್ಕದಲ್ಲಿ ಒಂದು ಸಂಸಾರ ಬತ್ತಾ ಅದೆ."